ಕೀಬೋರ್ಡಿನಲ್ಲಿ ತುಂಬಿ ಬರುವ ಬ್ರಾಸ್, ಮೂವರು ಊದಿದರೆ ಸೊರಗುವುದೇಕೆ?

ಪ್ರಶ್ನೆ: ನಮ್ಮ ಬ್ಯಾಂಡಿನಲ್ಲಿ ಟ್ರಂಪೆಟ್, ಆಲ್ಟೊ ಸ್ಯಾಕ್ಸೊಫೋನ್, ಟ್ರಾಂಬೋನ್ ಒಂದೊಂದಿವೆ. ಕೀಬೋರ್ಡಿನ ಬ್ರಾಸ್ ಪ್ಯಾಚಿನಲ್ಲಿ, ಅಂದರೆ ಹಿತ್ತಾಳೆ ವಾದ್ಯಗಳ ಸದ್ದು ಕೊಡುವ ಸೆಟ್ಟಿಂಗಿನಲ್ಲಿ, ನುಡಿಸಿದಾಗ ಭರ್ಜರಿಯಾಗಿ ಕೇಳುವ ಕಾರ್ಡನ್ನೇ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನೇ) ಮೂವರಿಗೂ ಒಂದೊಂದು ಸ್ವರ ಹಂಚಿದ್ದೇವೆ. ಊದಿದರೆ ತೆಳ್ಳಗಾಗುತ್ತದೆ. ಇನ್ನೊಬ್ಬರನ್ನು ಸೇರಿಸಬೇಕೆ?

ಬೇಡ. ಇರುವ ಮೂವರೇ ಧಾರಾಳವಾಗಿ ಸಾಕು. ಮಡಿಕೇರಿ ದಸರಾಕ್ಕೆ ಮುಂಚೆ ಒಮ್ಮೆ, ಮದುವೆ ಸೀಸನ್ನಿಗೆ ಮುಂಚೆ ಒಮ್ಮೆ, ಹೀಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಮುಂದಿನ ಸಲ ಇದನ್ನೇ ತೋರಿಸಿದರಾಯಿತು.

ಮೊದಲು ಒಂದು ಸಣ್ಣ ವಿಷಯ ಮುಗಿಸೋಣ. ಮೂವರಿಗೂ ಒಂದೇ ನೊಟೇಶನ್ ಹಾಳೆಯ ಜೆರಾಕ್ಸ್ ಕೊಟ್ಟಿಲ್ಲ ತಾನೆ? ಟ್ರಂಪೆಟ್ಟಿನವರು ತಮ್ಮ ‘ಸಿ’ ಊದಿದರೆ ಕೀಬೋರ್ಡಿನ ಬಿ ಫ್ಲ್ಯಾಟ್ (‘ಬಿ’ಗಿಂತ ಅರ್ಧ ಸ್ವರ ಕೆಳಗಿನದು) ಕೇಳುತ್ತದೆ. ಆಲ್ಟೊದವರ ‘ಸಿ’ ಇ ಫ್ಲ್ಯಾಟ್ ಆಗಿ ಬರುತ್ತದೆ. ಟ್ರಾಂಬೋನಿಗೆ ಮಾತ್ರ ಬರೆದದ್ದೇ ಕೇಳುವುದು. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಟ್ರಂಪೆಟ್ಟಿನ ಮನೆ ಕಪ್ಪು ಐದು (ಐದನೇ ಕಪ್ಪು ಕೀ), ಆಲ್ಟೊದ ಮನೆ ಕಪ್ಪು ಎರಡು. ಗಿಟಾರಿನವರಿಗೆ ಪ್ರಿಯವಾದ ಬಿಳಿ ಮೂರರಲ್ಲಿ, ಅಂದರೆ ‘ಇ’ಯಲ್ಲಿ, ಹಾಡು ಇಟ್ಟಿರೋ, ಟ್ರಂಪೆಟ್ ಹಾಳೆಯಲ್ಲಿ 6 ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು), ಆಲ್ಟೊ ಹಾಳೆಯಲ್ಲಿ 7 ಶಾರ್ಪ್ ಬೀಳುತ್ತವೆ. ಅರ್ಧ ಸ್ವರ ಇಳಿಸಿ ಕಪ್ಪು ಎರಡಕ್ಕೆ ತಂದರೆ ಟ್ರಂಪೆಟ್ಟಿಗೆ ಒಂದೇ ಫ್ಲ್ಯಾಟ್, ಆಲ್ಟೊಗೆ ಒಂದೂ ಇಲ್ಲ. ಗಿಟಾರಿನವರು ಮೊದಲನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ‘ಡಿ’ ಕಾರ್ಡುಗಳನ್ನು ಹಿಡಿಯಲಿ. ಒಬ್ಬರ ಸೋಮಾರಿತನಕ್ಕೆ ಮೂವರು ಬೆವರಬೇಕಿಲ್ಲ.

ಈಗ ಅಸಲು ರೋಗಕ್ಕೆ ಬರೋಣ. ಕೀಬೋರ್ಡಿನ ಬಲಗೈ ಕಾರ್ಡನ್ನು ಹಂಚಿಬಿಟ್ಟರೆ ಹಾರ್ನ್ (ಊದುವ ವಾದ್ಯಗಳ) ಅರೇಂಜ್‌ಮೆಂಟ್ ಆಯಿತು ಎಂಬ ನಂಬಿಕೆ. ಇದು ಎಷ್ಟು ಕಿತ್ತರೂ ಮತ್ತೆ ಚಿಗುರುವ ಕಾಫಿ ತೋಟದ ಕಳೆಯ ಹಾಗೆ.

ಮೊದಲನೆಯದಾಗಿ, ಬ್ರಾಸ್ ಪ್ಯಾಚಿನಲ್ಲಿ ಒಂದು ಕೀ ಒತ್ತಿದಾಗ ಕೇಳುವುದು ಸಾಮಾನ್ಯವಾಗಿ ಒಂದು ವಾದ್ಯ ಅಲ್ಲ. ಹಲವು ವಾದ್ಯಗಳ ನಾದವನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ರಿವರ್ಬ್ ಎಂಬ ಮಾರ್ದನಿ ಬಳಿದಿರುತ್ತಾರೆ. ನೀವು ಮೂರು ಕೀ ಒತ್ತಿದಾಗ ಕೇಳಿದ್ದು ಒಂದು ಇಡೀ ಬ್ಯಾಂಡ್‌ಸೆಟ್. ಅದನ್ನು ಮೂವರಿಗೆ ಹಂಚಿದಾಗ ಒಂದು ಸ್ವರಕ್ಕೆ ಒಬ್ಬನೇ ಆಸಾಮಿ. ರಾಗ ಹೊತ್ತ ಮೇಲಿನ ಸ್ವರಕ್ಕೂ ಒಬ್ಬನೇ. ತೆಳ್ಳಗಾಗದೆ ಇನ್ನೇನು?

ಎರಡನೆಯದು ಇನ್ನೂ ಮುಖ್ಯ. ಕೀಬೋರ್ಡಿನಲ್ಲಿ ಕೈ ಇಡೀಯಾಗಿ ಜಾರುತ್ತದೆ, ಬೆರಳುಗಳ ನಡುವಿನ ಅಂತರ ಬದಲಾಗುವುದಿಲ್ಲ. ಒಂದು ಉದಾಹರಣೆ ಬಿಡಿಸಿ ನೋಡೋಣ. ಶ್ರುತಿ ಕಪ್ಪು ಎರಡು. ಕಾರ್ಡುಗಳು ಕ್ರಮವಾಗಿ ಇ ಫ್ಲ್ಯಾಟ್, ಸಿ ಮೈನರ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್. ಸರಿಗಮದಲ್ಲಿ ಸಗಪ, ದಸಗ, ಮದಸ, ಪನಿರಿ. ನಮ್ಮ ಕಡೆ ದೇವಸ್ಥಾನ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ಊದುವ ಹಲವರು ಕದ್ರಿ ಗೋಪಾಲನಾಥರು ತೆರೆದ ದಾರಿಯಲ್ಲಿ ಬಂದವರು, ಸರಿಗಮದಲ್ಲಿ ಹೇಳಿದರೆ ಅವರಿಗೆ ಥಟ್ಟನೆ ಹೊಳೆಯುತ್ತದೆ. ಇದನ್ನು ಮೇಲಿನಿಂದ ಕೆಳಕ್ಕೆ ಹಂಚಿದರೆ ಟ್ರಂಪೆಟ್ಟಿಗೆ ಪ–ಗ–ಸ–ರಿ, ಆಲ್ಟೊಗೆ ಗ–ಸ–ದ–ನಿ, ಟ್ರಾಂಬೋನಿಗೆ ಸ–ದ–ಮ–ಪ. ಟ್ರಾಂಬೋನಿನ ಸಾಲನ್ನು ಇನ್ನೊಮ್ಮೆ ಓದಿ. ಅದು ಬೇಸ್ ಗಿಟಾರಿನವರು ಆಗಲೇ ಬಾರಿಸುತ್ತಿರುವ ಸಾಲು! ಮೂವರಲ್ಲಿ ಒಬ್ಬರನ್ನು ಅಲ್ಲಿಗೆ ದಂಡ ಮಾಡಿದಿರಿ. ಉಳಿದಿಬ್ಬರೂ ಮೊದಲ ಮೂರು ಕಾರ್ಡುಗಳಲ್ಲಿ ಟ್ರಾಂಬೋನಿನ ಜೊತೆಯಲ್ಲೇ ಕೆಳಕ್ಕೆ ಹಾರಿ ಹಾರಿ ಬೀಳುತ್ತಾರೆ. ಟ್ರಂಪೆಟ್ ಕೆಳಕ್ಕೆ ಇಳಿದಷ್ಟೂ ಅದರ ಹೊಳಪು ಹೋಗುತ್ತದೆ, ಅಂದರೆ ಹಾಡು ಏರಬೇಕಾದ ಕಡೆ ಸೆಕ್ಷನ್ ಮಂಕಾಗುತ್ತದೆ.

ಈಗ ಇದನ್ನು ಊದಿ ನೋಡಿ. ಟ್ರಂಪೆಟ್ಟಿಗೆ ಮಧ್ಯ ಸ್ಥಾಯಿಯಲ್ಲಿ ಪ–ದ–ದ–ಪ. ಆಲ್ಟೊಗೆ ಸ–ಸ–ಸ, ಕೊನೆಗೆ ಮಂದ್ರ ನಿ. ಟ್ರಾಂಬೋನಿಗೆ ಮಂದ್ರದಲ್ಲಿ ಗ–ಗ–ಮ–ಮ. ಕಾರ್ಡುಗಳು ಅವೇ ನಾಲ್ಕು, ಕೊನೆಯದು ಮಾತ್ರ ಬಿ ಫ್ಲ್ಯಾಟ್ ಸೆವೆನ್ ಆಗಿ ಇನ್ನಷ್ಟು ರುಚಿಯಾಗಿದೆ. ಯಾರೂ ಒಂದು ಮೆಟ್ಟಿಲಿಗಿಂತ ಹೆಚ್ಚು ಚಲಿಸಲಿಲ್ಲ, ಮೊದಲ ಎರಡು ಬದಲಾವಣೆಗಳಲ್ಲಿ ಚಲಿಸಿದ್ದು ಒಬ್ಬೊಬ್ಬರೇ. ಹಾಳೆಯಲ್ಲಿ ಟ್ರಂಪೆಟ್ಟಿಗೆ ಸಿ–ಡಿ–ಡಿ–ಸಿ, ಆಲ್ಟೊಗೆ ಸಿ–ಸಿ–ಸಿ–ಬಿ, ಟ್ರಾಂಬೋನಿಗೆ ಜಿ–ಜಿ–ಎ ಫ್ಲ್ಯಾಟ್–ಎ ಫ್ಲ್ಯಾಟ್. ಕಲಿತು ಒಂದೆರಡು ವರ್ಷವಾದವರೂ ಶ್ರುತಿಯಲ್ಲಿ ನಿಲ್ಲಿಸಬಲ್ಲ ಜಾಗಗಳಿವು. ಮೂರೂ ಸ್ವರಗಳನ್ನು ಇಕ್ಕಟ್ಟಾಗಿ ಕೂರಿಸದೆ ಟ್ರಾಂಬೋನನ್ನು ಅದರ ಹಿತವಾದ ಜಾಗಕ್ಕೆ ಇಳಿಸಿದ್ದರಿಂದ ಸದ್ದು ಅಗಲವೂ ಆಯಿತು.

ಮೂರನೆಯದು: ಮೂವರು ಇದ್ದಾರೆಂದು ಮೂರು ಸ್ವರ ಕೊಡಲೇಬೇಕು ಎಂದು ಯಾರು ಹೇಳಿದ್ದು? ವೇಗದ ಸಾಲುಗಳಿಗೆ ಟ್ರಂಪೆಟ್, ಆಲ್ಟೊ ಎರಡಕ್ಕೂ ಒಂದೇ ಸ್ವರ, ಟ್ರಾಂಬೋನಿಗೆ ಅದೇ ಒಂದು ಸ್ಥಾಯಿ ಕೆಳಗೆ. ಸಾಲಿನ ಕೊನೆಯ ಸ್ವರದಲ್ಲಿ ಮಾತ್ರ ಕಾರ್ಡಾಗಿ ಒಡೆಯಿರಿ. ಜನ ತಿರುಗಿ ನೋಡುವುದು ಆ ಒಡೆಯುವ ಕ್ಷಣಕ್ಕೆ. ಮೊದಲಿನಿಂದ ಕೊನೆವರೆಗೂ ಕಾರ್ಡೇ ಇದ್ದರೆ ಒಡೆಯಲು ಏನು ಉಳಿಯಿತು? ಅಮೆರಿಕದ ಟವರ್ ಆಫ್ ಪವರ್ ತಂಡದಲ್ಲಿ 5 ಹಾರ್ನುಗಳು: 2 ಟ್ರಂಪೆಟ್, 2 ಟೆನರ್ ಸ್ಯಾಕ್ಸೊಫೋನ್, 1 ಬ್ಯಾರಿಟೋನ್. ಅವರೇ ಎಷ್ಟೋ ಕಡೆ ಎಲ್ಲರೂ ಸೇರಿ ಒಂದೇ ಸಾಲು ಊದುತ್ತಾರೆ. ಒಂದು ಎಚ್ಚರಿಕೆ: ಕೆಳ ಸ್ಥಾಯಿಯಲ್ಲಿ ಕಪ್ಪು ಐದರಿಂದ ಬಿಳಿ ಏಳಕ್ಕೆ ಹೋಗುವ ವೇಗದ ಸಾಲನ್ನು ಟ್ರಾಂಬೋನಿಗೆ ಕೊಡಬೇಡಿ. ಕೇಳುವುದಕ್ಕೆ ಅರ್ಧ ಸ್ವರ, ಆದರೆ ಸ್ಲೈಡ್ (ಹಿಂದೆ ಮುಂದೆ ಜಾರುವ ಕೊಳವೆ) 1ನೇ ಪೊಸಿಷನ್ನಿನಿಂದ 7ಕ್ಕೆ, ತೋಳು ಪೂರ್ತಿ ಚಾಚುವಷ್ಟು ಓಡಬೇಕು.

ನಾಲ್ಕನೆಯದು, ಉಸಿರು. ಕೀಬೋರ್ಡಿಗೆ ಶ್ವಾಸಕೋಶ ಇಲ್ಲ, ತುಟಿಯೂ ಇಲ್ಲ. ಅದರ ಮೇಲೆ ಬರೆದ ಸಾಲಿನಲ್ಲಿ ಬಿಡುವು ಎಲ್ಲೂ ಇರುವುದಿಲ್ಲ. ಬರೆದಾದ ಮೇಲೆ ನೀವೇ ಬಾಯಲ್ಲಿ ‘ಪಾ ಪಾ’ ಎಂದು ಹಾಡಿ ನೋಡಿ, ಉಸಿರು ಕಟ್ಟಿದ ಕಡೆ ಬಿಡುವು ಹಾಕಿ. ಗಾಯಕರು ಹಾಡುವಾಗ ಹಾರ್ನ್ ಸುಮ್ಮನಿರಲಿ, ಅವರು ಉಸಿರೆಳೆಯುವ ಜಾಗದಲ್ಲಿ ಮಾತಾಡಲಿ. ಹವ್ಯಾಸಿ ಟ್ರಂಪೆಟ್ ವಾದಕರಿಗೆ ಹಾಳೆಯ ಐದು ಗೆರೆಗಳ ಮೇಲೆ ಕೂರುವ ‘ಜಿ’ಯನ್ನು ದಾಟಿ ಬರೆಯಬೇಡಿ. ಮೊದಲ ಹಾಡಿಗೆ ಬರುತ್ತದೆ, ಹತ್ತನೇ ಹಾಡಿಗೆ ತುಟಿ ಕೈಕೊಡುತ್ತದೆ. ಉದ್ದ ಸ್ವರ ಎಲ್ಲಿ ನಿಲ್ಲಬೇಕೆಂದೂ ಬರೆಯಿರಿ. ‘ನಾಲ್ಕನೇ ಪೆಟ್ಟಿಗೆ ಬಂದ್’ ಎಂದು ಪೆನ್ಸಿಲಿನಲ್ಲಿ ಗೀಚಿದರೂ ಸಾಕು. ಒಟ್ಟಿಗೆ ಶುರು ಮಾಡುವವರು ಬೇಕಾದಷ್ಟಿದ್ದಾರೆ, ಒಟ್ಟಿಗೆ ನಿಲ್ಲಿಸುವವರನ್ನು ಹುಡುಕಬೇಕು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ವಾಲಗದ ಕೊಂಬನ್ನು ಇದರ ಜೊತೆ ಸೇರಿಸಬಹುದೆ? ಧಾರಾಳವಾಗಿ. ಆದರೆ ಕೊಂಬಿಗೆ ರಂಧ್ರವಿಲ್ಲ, ವಾಲ್ವ್ ಇಲ್ಲ, ಸ್ಲೈಡ್ ಇಲ್ಲ. ಕೊಳವೆಯ ಉದ್ದ ಎಷ್ಟೋ ಅಷ್ಟಕ್ಕೆ ಅದರ ಶ್ರುತಿ. ತುಟಿ ಬಿಗಿದಂತೆ ಸ, ಪ, ಮೇಲಿನ ಸ, ಅದರ ಮೇಲೆ ಗ, ಈ ರೀತಿಯ ಸಹಜ ಸ್ವರಗಳಷ್ಟೇ ಬರುತ್ತವೆ. ಆ ಗ ಕೂಡ ಕೀಬೋರ್ಡಿನ ಗ ಗಿಂತ ತುಸು ಇಳಿದೇ ಇರುತ್ತದೆ. ಆದ್ದರಿಂದ ಕೊಂಬಿಗೆ ಹಾಡನ್ನು ಕಲಿಸಲು ಹೋಗದೆ, ಹಾಡನ್ನೇ ಕೊಂಬಿನ ಹತ್ತಿರ ತನ್ನಿ. ಮೊದಲು ಕೊಂಬಿನ ಸ ಊದಿಸಿ, ಫೋನಿನ ಟ್ಯೂನರ್ ಆ್ಯಪಿನಲ್ಲಿ ನೋಡಿ, ಕೀಬೋರ್ಡಿನ ಟ್ರಾನ್ಸ್‌ಪೋಸ್ ಮತ್ತು ಫೈನ್ ಟ್ಯೂನನ್ನು ಅಲ್ಲಿಗೆ ತನ್ನಿ. ಗಿಟಾರ್, ಹಾರ್ನುಗಳು ಅದಕ್ಕೆ ಹೊಂದಿಕೊಳ್ಳಲಿ. ಎರಡು ಕೊಂಬುಗಳಿದ್ದರೆ ಎರಡನ್ನೂ ಬೇರೆ ಬೇರೆ ಅಳೆಯಿರಿ, ಒಂದೇ ಶ್ರುತಿ ಇರುತ್ತದೆಂಬ ಭರವಸೆ ಬೇಡ.

ಇನ್ನು ಅಳೆಯುವ ಹೊತ್ತು. ಮಡಿಕೇರಿಯ ಮಂಜಿನಲ್ಲಿ ತಣ್ಣಗಾದ ಹಿತ್ತಾಳೆ ವಾದ್ಯದ ಶ್ರುತಿ ಇಳಿಯುತ್ತದೆ, ಕೀಬೋರ್ಡಿನದು ಇಳಿಯುವುದಿಲ್ಲ. ದಸರಾದ ದಶಮಂಟಪ ಮೆರವಣಿಗೆಯ ರಾತ್ರಿ ನುಡಿಸುವುದಿದ್ದರೆ ಮಧ್ಯಾಹ್ನ ಸಭಾಂಗಣದಲ್ಲಿ ಮಾಡಿಕೊಂಡ ಶ್ರುತಿ ಲೆಕ್ಕಕ್ಕಿಲ್ಲ. ವಾದ್ಯದೊಳಗೆ ಐದು ನಿಮಿಷ ಸದ್ದಿಲ್ಲದೆ ಬಿಸಿಯುಸಿರು ಊದಿ, ಆಮೇಲೆ ಅಲ್ಲೇ ಬಯಲಿನಲ್ಲಿ ಮತ್ತೊಮ್ಮೆ ಅಳೆಯಿರಿ. ಕೊಂಬಿನವರಿಗೆ ನೊಟೇಶನ್ ಹಾಳೆ ಬೇಕಿಲ್ಲ. ಯಾವಾಗ ಊದಬೇಕೆಂದು ಕೈ ಎತ್ತಿ ಸನ್ನೆ ಮಾಡುವವರೊಬ್ಬರು ಎದುರಿಗೆ ನಿಂತರೆ ಸಾಕು. ಮೈಕಂತೂ ಬೇಡವೇ ಬೇಡ.