ಬೆವರಿದ ಕುದುರೆಗೆ ಚಳಿಯಲ್ಲಿ ಕೂಡಲೇ ಕಂಬಳಿ ಹೊದಿಸಬಹುದೇ?

ಪ್ರಶ್ನೆ: ಚಳಿಗಾಲದಲ್ಲಿ ಸವಾರಿ ಮುಗಿಸಿ ಲಾಯಕ್ಕೆ ಮರಳುವ ಹೊತ್ತಿಗೆ ನಮ್ಮ ಕುದುರೆಯ ಮೈ ಬೆವರಿನಿಂದ ತೊಯ್ದಿರುತ್ತದೆ. ಶೀತವಾಗದಿರಲೆಂದು ಕೂಡಲೇ ದಪ್ಪ ಕಂಬಳಿ ಹೊದಿಸುವುದು ಸರಿಯೇ?

ಉತ್ತರ: ಸರಿಯಲ್ಲ, ಮೊದಲು ಮೈ ಆರಬೇಕು. ಕುದುರೆಯನ್ನು ಚಳಿಗಿಂತ ತೇವವೇ ಹೆಚ್ಚು ಕಾಡುತ್ತದೆ. ಚಳಿಗಾಲದಲ್ಲಿ ದಟ್ಟವಾಗುವ ರೋಮಗಳು ನಿಮಿರಿ ನಿಂತು ತಮ್ಮ ನಡುವೆ ಗಾಳಿಯನ್ನು ಹಿಡಿದಿಡುವುದರಿಂದ, ಚಳಿಗೆ ಒಗ್ಗಿದ ಆರೋಗ್ಯವಂತ ಕುದುರೆಯು ಮೈ ಒಣಗಿದ್ದು ಗಾಳಿಯ ಹೊಡೆತವಿಲ್ಲದಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯನ್ನೂ ಸಲೀಸಾಗಿ ತಾಳಿಕೊಳ್ಳುತ್ತದೆ. ರೋಮ ತೊಯ್ದು ಚರ್ಮಕ್ಕೆ ಅಂಟಿಕೊಂಡಾಗ ಈ ರಕ್ಷಣೆ ಉಳಿಯುವುದಿಲ್ಲ. 5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಮೈ ಬಿಸಿ ಕಾಯ್ದುಕೊಳ್ಳಲು ಅದು ಹೆಣಗಬೇಕಾಗುತ್ತದೆ. ಹೀಗಿರುವಾಗ ಆವಿಯನ್ನು ಹೊರಬಿಡದ ದಪ್ಪ ಹೊದಿಕೆಯನ್ನು ಹೊದಿಸಿದರೆ ಬೆವರು ಒಳಗೇ ಉಳಿದು, ಚರ್ಮವು ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ.

ಆರಿಸುವ ಕೆಲಸ ಸವಾರಿಯ ಕೊನೆಯ ಹತ್ತು ಹದಿನೈದು ನಿಮಿಷಗಳಲ್ಲೇ ಆರಂಭವಾಗಬೇಕು. ಆ ಹೊತ್ತಿನಲ್ಲಿ ಓಟ ಬಿಡಿಸಿ, ಉಸಿರು ಸಹಜವಾಗುವವರೆಗೆ ಕುದುರೆಯನ್ನು ನಿಧಾನವಾಗಿ ನಡೆಸಿರಿ. ಜೀನು ಇಳಿಸಿದ ಮೇಲೆ ಒಣ ಬಟ್ಟೆಯಿಂದಲೋ ಹುಲ್ಲಿನ ಹಿಡಿಯಿಂದಲೋ ರೋಮದ ಎದುರು ದಿಕ್ಕಿಗೆ ಉಜ್ಜಿದರೆ ಬುಡಕ್ಕೆ ಗಾಳಿಯಾಡುತ್ತದೆ. ಅನಂತರ ಉಣ್ಣೆಯ ಇಲ್ಲವೆ ಫ್ಲೀಸ್‌ನ ತೆಳು ಹೊದಿಕೆ ಹಾಕಬಹುದು. ಸ್ವಲ್ಪ ಹೊತ್ತಿನಲ್ಲಿ ಅದರ ಹೊರಮೈಯಲ್ಲಿ ಸಣ್ಣ ಹನಿಗಳು ಕಾಣಿಸಿಕೊಳ್ಳುತ್ತವೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ, ತೇವ ಮೈಯಿಂದ ಹೊರಬರುತ್ತಿದೆಯೆಂಬುದಕ್ಕೆ ಅದೇ ಗುರುತು. ಹೊದಿಕೆ ಪೂರ್ತಿ ನೆನೆದರೆ ಬದಲಿಸಿರಿ. ಎದೆ, ಮುಂಗಾಲಿನ ಸಂದು ಮತ್ತು ಜೀನು ಕೂರುವ ಜಾಗಗಳಲ್ಲಿ ಬೆರಳನ್ನು ಚರ್ಮದವರೆಗೆ ತೂರಿಸಿ ನೋಡದೆ ಮೈ ಆರಿತೆಂದು ತೀರ್ಮಾನಿಸಬಾರದು. ಮೇಲ್ಗೂದಲು ಒಣಗಿದ್ದರೂ ಬುಡದಲ್ಲಿ ಒದ್ದೆ ಇರುವುದುಂಟು.

ಪೂರ್ತಿ ಆರಿದ ಮೇಲೂ ದಪ್ಪ ಕಂಬಳಿ ಎಲ್ಲ ಕುದುರೆಗಳಿಗೂ ಬೇಕಿಲ್ಲ. ರೋಮ ಕತ್ತರಿಸಿದ, ವಯಸ್ಸಾದ, ಬಡಕಲಾದ ಕುದುರೆಗಳಿಗೆ ಅದು ಅವಶ್ಯ. ಉಳಿದವುಗಳಿಗೆ ಒಣಹುಲ್ಲೇ ಒಳಗಿನ ಒಲೆ: ನಾರು ದೊಡ್ಡ ಕರುಳಿನಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ. ಆದ್ದರಿಂದ ಚಳಿ ಹೆಚ್ಚಿದ ದಿನ ಧಾನ್ಯಕ್ಕಿಂತ ಹುಲ್ಲನ್ನು ಹೆಚ್ಚಿಸುವುದು ಲೇಸು. ಸಾಮಾನ್ಯವಾಗಿ ದೇಹತೂಕದ ಶೇ. 1.5ರಿಂದ 2ರಷ್ಟು, ಎಂದರೆ 500 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ಏಳೂವರೆಯಿಂದ ಹತ್ತು ಕೆ.ಜಿ. ಹುಲ್ಲು ಬೇಕು. ಜೊತೆಗೆ ನೀರಿನ ಮೇಲೆ ಕಣ್ಣಿರಲಿ. ಕೊರೆಯುವ ನೀರನ್ನು ಕುದುರೆ ಕಡಿಮೆ ಕುಡಿಯುತ್ತದೆ. ಒಣಮೇವು ತಿಂದು ನೀರು ಸಾಲದಾದರೆ ಕರುಳು ಕಟ್ಟಿಕೊಂಡು ಹೊಟ್ಟೆನೋವು ಬರಬಹುದು. ತೊಟ್ಟಿಯ ನೀರನ್ನು ಉಗುರುಬೆಚ್ಚಗೆ ಇಟ್ಟರೆ ಕುಡಿಯುವ ಪ್ರಮಾಣ ಹೆಚ್ಚುತ್ತದೆ.

ಪ್ರತಿ ಸವಾರಿಯಲ್ಲೂ ಹೀಗೆಯೇ ತೊಯ್ಯುತ್ತಿದ್ದರೆ ವೇಗವನ್ನು ತಗ್ಗಿಸಿರಿ, ಇಲ್ಲವೆ ಹೆಚ್ಚು ಬೆವರುವ ಕತ್ತು ಮತ್ತು ಎದೆಯ ರೋಮವನ್ನಷ್ಟೇ ಕತ್ತರಿಸಿರಿ.