ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಿದರೆ ಬೆಡ್ ಸೋರ್ ಆಗುವುದಿಲ್ಲವಾ?

ಪ್ರಶ್ನೆ: ಮಾವನವರಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಮಲಗಿದಲ್ಲೇ ಇದ್ದಾರೆ. ಬೆನ್ನಿನ ಬುಡದಲ್ಲಿ ಕೆಂಪಾಗಿದೆ. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕುತ್ತಿದ್ದೇವೆ. ಬೆಡ್ ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಆಗದಿರಲು ಇಷ್ಟು ಸಾಕಲ್ವಾ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಸಾಲದು. ಮೊದಲು ಆ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ.

ಈ ಮಾತನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ! ಆದರೂ ಮುಂದಿನ ಮನೆಗೆ ಹೋದರೆ ಮಂಚದ ಪಕ್ಕ ಎಣ್ಣೆ ಬಟ್ಟಲು ಇದ್ದೇ ಇರುತ್ತದೆ. 'ರಕ್ತ ಓಡಾಡಲಿ ಅಂತ ತಿಕ್ಕುತ್ತೇವೆ' ಎನ್ನುತ್ತಾರೆ. ರಕ್ತ ಓಡದೇ ಇರುವುದೇ ತೊಂದರೆ ಎಂಬುದು ನಿಜ. ಆದರೆ ಅದು ಯಾಕೆ ಓಡುತ್ತಿಲ್ಲ? ಮೇಲಿಂದ ಮೂಳೆ, ಕೆಳಗಿಂದ ಹಾಸಿಗೆ ಒತ್ತಿ, ನಡುವಿನ ಮಾಂಸದ ಸಣ್ಣ ರಕ್ತನಾಳಗಳು ಮುಚ್ಚಿಹೋಗಿವೆ. ತೋಟದ ಪೈಪಿನ ಮೇಲೆ ಕಾಲಿಟ್ಟು ನಿಂತರೆ ನೀರು ಬರುತ್ತದಾ? ಪೈಪು ಉಜ್ಜಿ ಪ್ರಯೋಜನವಿಲ್ಲ, ಕಾಲು ತೆಗೆಯಬೇಕು.

ಎಷ್ಟೋ ಸಲ ಏಟು ಶುರುವಾಗುವುದು ಒಳಗೆ, ಮೂಳೆಯ ಹತ್ತಿರ. ಚರ್ಮಕ್ಕಿಂತ ಮಾಂಸ ಬೇಗ ಸಾಯುತ್ತದೆ. ಮೇಲೆ ಕಾಣುವ ಕೆಂಪು ಚಿಕ್ಕದಿದ್ದರೂ ಒಳಗೆ ಜಾಸ್ತಿ ಹಾಳಾಗಿರಬಹುದು. ಅಲ್ಲಿ ಬಲ ಹಾಕಿ ತಿಕ್ಕಿದರೆ ಸೋತ ರಕ್ತನಾಳಗಳು ಇನ್ನಷ್ಟು ಹರಿದುಹೋಗುತ್ತವೆ. ಎಣ್ಣೆಯ ಬದಲು ಸ್ಪಿರಿಟ್, ಪೌಡರ್ ಹಚ್ಚುವುದೂ ಬೇಡ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಪೌಡರ್ ನಮ್ಮ ಮಳೆಗಾಲದ ತೇವಕ್ಕೆ ಗಂಟುಗಟ್ಟಿ ಚರ್ಮವನ್ನೇ ಉಜ್ಜುತ್ತದೆ. ಟ್ಯೂಬಿನಂಥ ರಿಂಗ್ ದಿಂಬೂ ಬೇಡ. ಅದು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ಬರುವ ರಕ್ತವನ್ನೂ ತಡೆಯುತ್ತದೆ. 'ಉಷ್ಣಕ್ಕೆ ಆಗಿದ್ದು' ಎಂದು ಮಜ್ಜಿಗೆ ಕುಡಿಸಿ ಕಾಯುವುದೂ ಬೇಡ. ಇದು ಉಷ್ಣದಿಂದಲ್ಲ, ಒತ್ತಡದಿಂದ ಆಗುವುದು. ಒಣಗಿದ ಕೈಕಾಲಿಗೆ ಹಗುರವಾಗಿ ಎಣ್ಣೆ ಸವರಿದರೆ ತೊಂದರೆಯಿಲ್ಲ, ಕೆಂಪಾದ ಕಡೆ ಮಾತ್ರ ಕೂಡದು.

ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಇನ್ನೂ ಹರಿಯುತ್ತಿದೆ. ಬಿಳಿಚದೆ ಹಾಗೇ ಇದ್ದರೆ ಹುಣ್ಣು ಆಗಲೇ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾಗಿದೆಯಾ, ಬಿಸಿಯಿದೆಯಾ, ಗಟ್ಟಿಯಾಗಿದೆಯಾ ಎಂದು ಮುಟ್ಟಿ ನೋಡಿ.

ಮಾಡಬೇಕಾದ್ದು ಇಷ್ಟೇ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಸಾಕು, ಪೂರ್ತಿ ಮಗ್ಗುಲಾದರೆ ಭಾರವೆಲ್ಲ ಸೊಂಟದ ಮೂಳೆಗೆ ಬೀಳುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮೇಲಕ್ಕೆ ಸರಿಸುವಾಗ ಎಳೆಯಬೇಡಿ. ಇಬ್ಬರು ಸೇರಿ, ಕೆಳಗೆ ಹಾಸಿದ ಮಡಚಿದ ಬೆಡ್‌ಶೀಟ್ ಹಿಡಿದು ಎತ್ತಿ. ಮೂತ್ರ ತಾಗಿದ ಬಟ್ಟೆ ತಕ್ಷಣ ಬದಲಿಸಿ. ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಗೊತ್ತಿದ್ದದ್ದೇ, ಜಾಸ್ತಿ ಜೊತೆ ಇಟ್ಟುಕೊಳ್ಳಿ. ಬರೀ ಗಂಜಿಯಲ್ಲಿ ಚರ್ಮ ಕೂಡಿಕೊಳ್ಳುವುದಿಲ್ಲ, ಮೊಟ್ಟೆ, ಬೇಳೆ, ಹಾಲು, ಮೀನು ಬೇಕು. ಕಿಡ್ನಿ ತೊಂದರೆಯಿದ್ದರೆ ಡಾಕ್ಟರನ್ನು ಕೇಳಿ.

ಏರ್ ಬೆಡ್ ತಂದರೂ ಮಗ್ಗುಲು ಬದಲಿಸಲೇಬೇಕು. ಮಳೆಗೆ ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಗಾಳಿ ಇಳಿಯುತ್ತದೆ. ಏರ್ ಬೆಡ್ ಕೆಳಗೆ ಕೈ ತೂರಿಸಿ ನೋಡಿ. ಸೊಂಟದ ಮೂಳೆ ಕೈಗೆ ಸಿಕ್ಕಿದರೆ ಅದು ಕೆಲಸ ಮಾಡುತ್ತಿಲ್ಲ.

ಗುಳ್ಳೆ ಒಡೆದರೆ, ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೊರಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಅಡಿಕೆ ಸುಲಿಯುವ ಗಡಿಬಿಡಿಯಲ್ಲಿ ಹಿರಿಯರನ್ನು ಬೆಳಿಗ್ಗೆಯೇ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಾರೆ. ಮಲಗಿಲ್ಲವಲ್ಲ, ಹುಣ್ಣಾಗುವುದಿಲ್ಲ ಎಂಬ ಧೈರ್ಯ. ಕೂತಾಗ ಮೈಭಾರವೆಲ್ಲ ಕುಂಡೆಯ ಎರಡು ಮೂಳೆಗಳ ಮೇಲೆ ಬರುತ್ತದೆ. ಒತ್ತಡ ಮಲಗಿದಾಗಿನದಕ್ಕಿಂತ ಜಾಸ್ತಿ. ದಪ್ಪ ಕುಶನ್ ಹಾಕಿ, ಪಾದ ಪೂರ್ತಿ ನೆಲಕ್ಕೆ ಊರಲಿ, ಮುಂದಕ್ಕೆ ಜಾರದಿರಲಿ. ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಹಿಡಿದುಕೊಂಡು ಮುಂದಕ್ಕೆ ಬಾಗಿಸಿ ಭಾರ ಬದಲಿಸಿ. ಕೂರುವ ಜಾಗ ಆಗಲೇ ಕೆಂಪಾಗಿದ್ದರೆ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂರಿಸಬೇಡಿ.