ಪಾರ್ಟಿ ಯಾವ್ದಾದ್ರೂ ಇರ್ಲಿ, ಬೆಂಚು ಒಂದೇ: ಮಲೆನಾಡಿನ ಕ್ರೈಸ್ತರು ಮತ್ತು ರಾಜಕೀಯದ ಹಳೇ ಜಗಳ

1978ರ ಚಿಕ್ಕಮಗಳೂರು ಬೈಎಲೆಕ್ಷನ್ ಕಥೆ ಮಲೆನಾಡಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಎಮರ್ಜೆನ್ಸಿ ಮುಗಿದ ಮೇಲೆ ರಾಯ್‌ಬರೇಲಿಲಿ ಸೋತಿದ್ದ ಇಂದಿರಾ ಗಾಂಧಿಗೆ ಡಿ.ಬಿ. ಚಂದ್ರೇಗೌಡ್ರು ಸೀಟು ಬಿಟ್ಟುಕೊಟ್ರು, ಎದುರಿಗೆ ಜನತಾ ಪಾರ್ಟಿಯಿಂದ ವೀರೇಂದ್ರ ಪಾಟೀಲ್ರು, ಪಾಟೀಲರ ಪರವಾಗಿ ಊರೂರು ಸುತ್ತಿ ಭಾಷಣ ಹೊಡೆದವರಲ್ಲಿ ಮುಂದಿದ್ದವರು ಜಾರ್ಜ್ ಫೆರ್ನಾಂಡಿಸ್. ಮಂಗಳೂರಿನ ಕೆಥೋಲಿಕ್ ಮನೆಯ ಹುಡುಗ, ಪಾದ್ರಿ ಆಗೋಕೆ ಅಂತ ಬೆಂಗಳೂರಿನ ಸೆಮಿನರಿ ಸೇರಿ ಬಿಟ್ಟು ಬಂದವರು, ಕೊನೆವರೆಗೂ ಕಾಂಗ್ರೆಸ್ಸಿಗೆ ವಿರೋಧಾನೇ. ಕೇಳೋಕೆ ಕೂತವರಲ್ಲಿ ಎಸ್ಟೇಟಿನ ಕೊಂಕಣಿ ಕ್ರೈಸ್ತರೂ ಇದ್ರು, ರೈಟರು, ಕೂಲಿ ಆಳು, ಒಂದಿಷ್ಟು ಪ್ಲಾಂಟರು, ಅವರಲ್ಲಿ ಎಷ್ಟೋ ಮನೇಲಿ ಕಾಂಗ್ರೆಸ್ ಅನ್ನೋದು ಅಜ್ಜನ ಕಾಲದ ರೂಢಿ. ಇಂದಿರಾ ಗೆದ್ರು. ಎರಡು ವರ್ಷ ಆದ್ಮೇಲೆ ಉಡುಪಿಯಿಂದ ಇನ್ನೊಬ್ರು ಕೆಥೋಲಿಕ್, ಆಸ್ಕರ್ ಫೆರ್ನಾಂಡಿಸ್, ಅದೇ ಇಂದಿರಾ ಪಾರ್ಟಿಯಿಂದ ಲೋಕಸಭೆಗೆ ಹೋದ್ರು, ಸಾಯೋವರೆಗೂ ಕಾಂಗ್ರೆಸ್ ಬಿಡ್ಲಿಲ್ಲ.

ಈಗ ಹೇಳಿ, ಇಬ್ರಲ್ಲಿ ಯಾರದ್ದು 'ಕ್ರೈಸ್ತ ರಾಜಕೀಯ'? ಎಲೆಕ್ಷನ್ ಹತ್ರ ಬಂದಾಗೆಲ್ಲ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಚರ್ಚ್ ಅಂಗಳದಲ್ಲಿ ಈ ಪ್ರಶ್ನೆ ಏಳುತ್ತೆ, ಇತ್ತೀಚೆಗೆ ಸ್ವಲ್ಪ ಜಾಸ್ತಿನೇ, ಅವನು ಆ ಪಾರ್ಟಿಗೆ ಹೋದ ಅಂದ್ರೆ ವಿಶ್ವಾಸಾನೇ ಬಿಟ್ಟ ಅನ್ನೋವರೆಗೂ ಮಾತು ಹೋಗುತ್ತೆ. ಆದ್ರೆ ಜಗಳ ಹೊಸದೇನಲ್ಲ ಮಾರಾಯ್ರೆ, ಶುರುವಾಗಿದ್ದೇ ಯೇಸು ಆರಿಸಿಕೊಂಡ ಹನ್ನೆರಡು ಜನರಿಂದ.

ಆ ಲಿಸ್ಟ್ ನೋಡಿ. ಒಬ್ಬ ಮತ್ತಾಯ, ಸುಂಕ ವಸೂಲಿ ಮಾಡ್ತಿದ್ದವನು, ಅಂದ್ರೆ ರೋಮಿನವರ ವ್ಯವಸ್ಥೆಯಲ್ಲಿ ದುಡ್ಡು ಎಣಿಸಿದವನು. ಇನ್ನೊಬ್ಬ ಸೀಮೋನ, ಲೂಕನ ಸುವಾರ್ತೆ ಅವನನ್ನ ಜೆಲೋತ ಅಂತ ಕರೆಯುತ್ತೆ, ರೋಮ್ ವಿರುದ್ಧ ಕತ್ತಿ ಹಿಡಿದವರಿಗೆ ಇದ್ದ ಹೆಸರು ಅದು. ಆಗ ಆ ಹೆಸರಿನ ಗುಂಪು ಇನ್ನೂ ಕಟ್ಟಿರ್ಲಿಲ್ಲ ಅಂತ ವಿದ್ವಾಂಸರು ಕೆಲವ್ರು ತಕರಾರು ತೆಗೀತಾರೆ, ಇರ್ಲಿ, ಇಬ್ಬರ ಮನಸ್ಸು ಬೇರೆ ಬೇರೆ ದಿಕ್ಕಿಗೆ ಇತ್ತು ಅನ್ನೋದಂತೂ ಕಷ್ಟದ ಊಹೆ ಅಲ್ಲ. ನಮ್ ಕಡೆ ಲೆಕ್ಕದಲ್ಲಿ ಫಾರೆಸ್ಟ್ ಗಾರ್ಡೂ, ಬಗರ್‌ಹುಕುಂ ಮಾಡಿ ನೋಟಿಸ್ ಹಿಡ್ಕೊಂಡವನೂ ಒಂದೇ ಪಂಕ್ತಿಲಿ ಊಟಕ್ಕೆ ಕೂತ ಹಾಗೆ. ಯೇಸು ಇಬ್ರಿಗೂ ನಿಮ್ಮ ಅಭಿಪ್ರಾಯ ಬಿಟ್ಟು ಬನ್ನಿ ಅಂದಿದ್ದು ಎಲ್ಲೂ ಇಲ್ಲ, ಒಬ್ಬರನ್ನೊಬ್ಬರು ಪ್ರೀತಿಸಿ, ಅದರಿಂದಲೇ ನೀವು ನನ್ನ ಶಿಷ್ಯರು ಅಂತ ಜನಕ್ಕೆ ಗೊತ್ತಾಗುತ್ತೆ ಅಂದ ಅಷ್ಟೇ. ತೆರಿಗೆ ವಿಚಾರದಲ್ಲಿ ಸಿಕ್ಕಿಸೋಕೆ ಬಂದವರಿಗೂ ಕೈಸರನದ್ದು (ಅಂದ್ರೆ ರೋಮ್ ಚಕ್ರವರ್ತಿದು) ಕೈಸರನಿಗೆ, ದೇವರದ್ದು ದೇವರಿಗೆ ಅಂತ ಹೇಳಿ ಕಳಿಸಿದ. ಇಪ್ಪತ್ತು-ಮೂವತ್ತು ವರ್ಷ ಆಗಿರ್ಲಿಲ್ಲ, ಗ್ರೀಸಿನ ಕೊರಿಂಥದ ಸಭೆಯಲ್ಲಿ, ಅಂದ್ರೆ ಕ್ರೈಸ್ತರ ಕೂಟದಲ್ಲಿ, ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಗುಂಪು ಶುರುವಾಯ್ತು, ಕ್ರಿಸ್ತನನ್ನ ಹಂಚಿಕೊಂಡ್ರಾ ಅಂತ ಪೌಲ ಕಾಗದ ಬರೀಬೇಕಾಯ್ತು.

ಅಲ್ಲಿವರೆಗೆ ಕ್ರೈಸ್ತರ ಕೈಲಿ ಅಧಿಕಾರ ಇರ್ಲಿಲ್ಲ. 313ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಅವರ ಮೇಲಿನ ಹಿಂಸೆ ನಿಲ್ಲಿಸಿದ, 380ರಲ್ಲಿ ಥಿಯೊಡೋಸಿಯಸ್ ಕ್ರೈಸ್ತ ಧರ್ಮವನ್ನೇ ಸಾಮ್ರಾಜ್ಯದ ಧರ್ಮ ಮಾಡಿದ, ಅಲ್ಲಿಂದ ಮುಂದೆ ರಾಜನ ಜಗಳ ಎಲ್ಲ ಸಭೆಯ ಜಗಳ ಆಯ್ತು.

ನಮ್ಮ ಭಾಗಕ್ಕೆ ಬಂದ್ರೆ ಇದರ ಬಿಸಿ ಚೆನ್ನಾಗೇ ತಟ್ಟಿದೆ. ಘಟ್ಟದ ಮೇಲಿನ ಕೆಳದಿ ಅರಸರಿಗೂ ಕರಾವಳಿಯ ಪೋರ್ಚುಗೀಸರಿಗೂ ಒಂದ್ಸಲ ಯುದ್ಧ ಒಂದ್ಸಲ ಒಪ್ಪಂದ, ಮೆಣಸು-ಅಕ್ಕಿ ವ್ಯಾಪಾರದ ಜೊತೆಗೇ ಕೆಳಗಿನ ಬಂದರುಗಳಲ್ಲಿ ಚರ್ಚ್ ಕಟ್ಟೋ ಮಾತೂ ಬರ್ತಿತ್ತು, ಅಂದ್ರೆ ಬಡಪಾಯಿ ರೈತನ ಪ್ರಾರ್ಥನೆ ಮನೆ ಎರಡು ಸರ್ಕಾರಗಳ ಚೌಕಾಸಿ ಒಳಗೆ ಸಿಕ್ಕಾಕೊಂಡಿತ್ತು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಇಂಗ್ಲಿಷರಿಗೆ ಸಹಾಯ ಮಾಡಿದ್ರು ಅನ್ನೋ ಅನುಮಾನದ ಮೇಲೆ. ಯಾರೋ ಕೆಲವರ ರಾಜಕೀಯ, ಶಿಕ್ಷೆ ಮಾತ್ರ ಇಡೀ ಸಮುದಾಯಕ್ಕೆ. ಇವತ್ತಿಗೂ 'ನಿಮ್ಮವರೆಲ್ಲ ಆ ಪಾರ್ಟಿ ಅಲ್ವಾ' ಅಂತ ಯಾರಾದ್ರೂ ನಗ್ತಾ ಕೇಳಿದ್ರೆ ನನಗೆ ನಗು ಬರಲ್ಲ, ಕಾರಣ ಇದೇ.

ಸಭೆ ಒಳಗಿನ ಪಾರ್ಟಿಗಳ ಕಥೆ ಇನ್ನೂ ಮಜಾ. ಬಿಷಪ್‌ರನ್ನ ಯಾರು ಕಳಿಸಬೇಕು, ಪೋರ್ಚುಗಲ್ ರಾಜನೋ ರೋಮೋ ಅಂತ ಪದ್ರೊವಾದೊ-ಪ್ರೊಪಗಾಂಡ ಜಗಳ ಹತ್ತೊಂಬತ್ತನೇ ಶತಮಾನದಲ್ಲಿ ಕೆನರಾದ ಚರ್ಚುಗಳನ್ನೇ ಸೀಳಿತ್ತು, ಕೆಲವ್ರು ಪೋರ್ಚುಗೀಸರ ಗೋವಾ ಕಡೆ, ಕೆಲವ್ರು ರೋಮಿನ ಕೈಕೆಳಗಿದ್ದ ಕೇರಳದ ವೆರಾಪೊಲಿ ಕಡೆ. ನಂಬಿಕೆ ಒಂದೇ, ಪೂಜೆ ಒಂದೇ, ಜಗಳ ಮಾತ್ರ ಲಿಸ್ಬನ್-ರೋಮ್ ನಡುವಿನದ್ದು. ಮಂಗಳೂರು 1886ರಲ್ಲಿ ಡಯಾಸಿಸ್, ಅಂದ್ರೆ ಬಿಷಪ್‌ರ ಧರ್ಮಪ್ರಾಂತ್ಯ, ಆಗೋ ಹೊತ್ತಿಗೆ ತಣ್ಣಗಾಯ್ತು. ಪ್ರಾಟೆಸ್ಟಂಟರಲ್ಲಿ ಬಾಸೆಲ್ ಮಿಶನ್ ಗೊತ್ತಲ್ಲ, 1834ರಲ್ಲಿ ಮಂಗಳೂರಿಗೆ ಬಂದವರು, ನಮ್ಮ ಹಳೇ ಮನೆಗಳ ಮಾಡಿನ ಮೇಲಿರೋ ಮಂಗಳೂರು ಹಂಚು ಶುರುವಾಗಿದ್ದು 1865ರಲ್ಲಿ ಅವರ ಫ್ಯಾಕ್ಟರಿಯಿಂದ. 1914ರಲ್ಲಿ ಯುದ್ಧ ಬಂತು. ಅಲ್ಲೀವರೆಗೆ ಒಂದೇ ಬೈಬಲ್ ಓದ್ತಿದ್ದ ಜರ್ಮನ್ ಪಾದ್ರಿಗಳು ಇಂಗ್ಲಿಷ್ ಸರ್ಕಾರಕ್ಕೆ ಶತ್ರುಗಳಾದ್ರು, ಹಿಡಿದು ಕ್ಯಾಂಪಿಗೆ ಹಾಕಿ ಆಮೇಲೆ ಊರಿಗೆ ಕಳಿಸಿಬಿಟ್ರು, ಫ್ಯಾಕ್ಟರಿಗಳೂ ಕೈ ಬಿಟ್ಟು ಹೋದ್ವು. ಯುರೋಪಿನ ರಾಜರ ಜಗಳಕ್ಕೆ ಅನಾಥ ಆಗಿದ್ದು ಇಲ್ಲಿನ ಸಭೆಗಳು.

ಇದರ ನಂತರದ ತಲೆಮಾರು ಪಾಠ ಕಲೀತು ಅಂತ ನನ್ನ ಲೆಕ್ಕ. ಬ್ರಿಟಿಷರು ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರ, ಅಂದ್ರೆ ಕ್ರೈಸ್ತರೇ ವೋಟು ಹಾಕಿ ಕ್ರೈಸ್ತರನ್ನ ಆರಿಸೋ ಸೀಟು, ಕೊಟ್ಟಾಗ ಕ್ರೈಸ್ತ ಮುಖಂಡ ಕೆ.ಟಿ. ಪಾಲ್ ಅಂಥವರು ಬೇಡ ಅಂದ್ರು, ಮುಂದೆ ಸಂವಿಧಾನ ಸಭೆಯಲ್ಲಿ ಉಪಾಧ್ಯಕ್ಷರಾಗಿದ್ದ ಕ್ರೈಸ್ತ ಎಚ್.ಸಿ. ಮುಖರ್ಜಿ, ಮಂಗಳೂರಿನ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಇವರೆಲ್ಲ ಇದ್ದಾಗಲೇ ಧರ್ಮದ ಲೆಕ್ಕದ ಮೀಸಲು ಸೀಟು ಬಿಟ್ಟುಕೊಟ್ಟಿದ್ದು. ಕ್ರೈಸ್ತರದ್ದೇ ಒಂದು ವೋಟಿನ ಗೂಡು ಕಟ್ಟಿಕೊಳ್ಳೋದು ಬೇಡ, ಎಲ್ಲ ಪಾರ್ಟಿಲೂ ಇರೋಣ ಅನ್ನೋ ನಿರ್ಧಾರ ಅದು. ಅದೇ ಹೊತ್ತಿಗೆ, 1947ರ ಸೆಪ್ಟೆಂಬರ್ 27ಕ್ಕೆ, ಆಂಗ್ಲಿಕನ್ನರು, ಮೆಥೊಡಿಸ್ಟರು ಮತ್ತೆ ಉಳಿದವರು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರೆ ಸಿಎಸ್‌ಐ ಕಟ್ಟಿದ್ರು, ದೇಶ ಎರಡು ಹೋಳಾದ ವರ್ಷದಲ್ಲೇ ಸಭೆ ಒಂದಾಗಿದ್ದು.

ಇವತ್ತಿನ ಶಿವಮೊಗ್ಗ ಜಿಲ್ಲೆಯನ್ನೇ ತಗೊಳ್ಳಿ. ಕೊಂಕಣಿಯವರು, ಭದ್ರಾವತಿ ಕಾರ್ಖಾನೆಗೆ ಬಂದ ತಮಿಳರು, ಶುಂಠಿ-ರಬ್ಬರಿಗೆ ಬಂದ ಮಲಯಾಳಿಗಳು, ಕನ್ನಡದ ದಲಿತ ಕ್ರೈಸ್ತರು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಆಯ್ತು, 2007ರಲ್ಲಿ ಕೇರಳ ಮೂಲದ ಸಿರೋ ಮಲಬಾರ್ ಕೆಥೋಲಿಕರಿಗೆ ಭದ್ರಾವತಿಯಲ್ಲೇ ಬೇರೆ ಬಿಷಪ್ ಬಂದ್ರು. ಭಾಷೆ, ಜಾತಿ, ಜಮೀನು, ಎಲ್ಲದರಲ್ಲೂ ಹಿತ ಬೇರೆ, ವೋಟು ಮಾತ್ರ ಒಂದೇ ಇರ್ಲಿ ಅಂದ್ರೆ ಹೇಗಿರುತ್ತೆ?

2008ರ ಸೆಪ್ಟೆಂಬರಲ್ಲಿ ಕರಾವಳಿ ಮತ್ತೆ ಬೇರೆ ಕಡೆ ಚರ್ಚುಗಳ ಮೇಲೆ ದಾಳಿ ಆದ್ಮೇಲೆ ಒಡಕು ಆಳ ಆಯ್ತು. 2021ರ ಡಿಸೆಂಬರಲ್ಲಿ ಮತಾಂತರ ತಡೆ ಮಸೂದೆ ಮಂಡಿಸಿದ್ದು ಆಗ ಹೋಂ ಮಿನಿಸ್ಟರ್ ಆಗಿದ್ದ ನಮ್ಮ ತೀರ್ಥಹಳ್ಳಿ ಶಾಸಕ ಆರಗ ಜ್ಞಾನೇಂದ್ರ, 2022ರ ಸೆಪ್ಟೆಂಬರಲ್ಲಿ ಪರಿಷತ್ತಲ್ಲೂ ಪಾಸಾಯ್ತು, 2023ರ ಜೂನಲ್ಲಿ ಹೊಸ ಸರ್ಕಾರದ ಕ್ಯಾಬಿನೆಟ್ ವಾಪಸ್ ತಗೊಳ್ಳೋ ತೀರ್ಮಾನ ಮಾಡ್ತು. ಆ ಅವಧಿಯಲ್ಲಿ ರಸ್ತೆ, ಸೇತುವೆ, ಹಕ್ಕುಪತ್ರ ನೋಡಿ ಆಗಿನ ಆಡಳಿತ ಪಕ್ಷ ಬಿಜೆಪಿಗೆ ವೋಟು ಹಾಕಿದ ಕ್ರೈಸ್ತನಿಗೂ, ಕಾನೂನು ನೋಡಿ ಕೋಪ ಬಂದ ಕ್ರೈಸ್ತನಿಗೂ ಮಾತು ಬಿಟ್ಟುಹೋಗೋದು ಸುಲಭ ಆಗಿತ್ತು.

ಹಾಗಾದ್ರೆ ಪಾರ್ಟಿಗಿಂತ ಪ್ರೀತಿ ಮೇಲೆ ಇರ್ಲಿ ಅಂದ್ರೆ ಸುಮ್ನಿರಿ ಅಂತಾನಾ? ಇಲ್ಲೇ ಜನ ಎಡವೋದು. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆ 1857ರಲ್ಲಿ ಕೆಲವರ 'ಬಲಹೀನತೆ' ನೆಪದಲ್ಲಿ ಬಿಳಿಯರಲ್ಲದವರಿಗೆ ಬೇರೆ ಆರಾಧನೆ ಆಗಬಹುದು ಅಂತು, ಶಾಂತಿ ಕಾಪಾಡೋಕೆ ಮಾಡಿದ ಆ ರಾಜಿ ಆಮೇಲೆ ಬೇರೆ ಬೇರೆ ಸಭೆಗಳೇ ಆಗೋವರೆಗೂ ಹೋಯ್ತು, 1982ರಲ್ಲಿ ಬೆಲ್ಹಾರ್ ಅನ್ನೋ ಊರಲ್ಲಿ ಬಿಳಿಯರಲ್ಲದವರ ಸಭೆಯವರೇ ಇದು ಸುವಾರ್ತೆಗೆ ವಿರುದ್ಧ ಅಂತ ಬರೆದಿಟ್ರು. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಶನರಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನ ಸುಟ್ಟಾಗ ಅವರ ಹೆಂಡತಿ ಗ್ಲ್ಯಾಡಿಸ್ ಕ್ಷಮಿಸಿದ್ದೇನೆ ಅಂದ್ರು, ಕೇಸು ಮಾತ್ರ ಸುಪ್ರೀಂ ಕೋರ್ಟ್‌ವರೆಗೂ ನಡೀತು, ಜೀವಾವಧಿ ಶಿಕ್ಷೆ ಉಳೀತು. ಕ್ಷಮೆ ಬೇರೆ, ಕಣ್ಣು ಮುಚ್ಚೋದು ಬೇರೆ. ನಮ್ಮಲ್ಲೇ ದಲಿತ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶದಿಂದ ಎಸ್‌ಸಿ ಸವಲತ್ತು ಇಲ್ಲ, ಅದನ್ನ ಎತ್ತಿದ್ರೆ ರಾಜಕೀಯ ತರಬೇಡಿ ಅನ್ನೋರು ಬೆಂಚಿನ ಮುಂದಿನ ಸಾಲಲ್ಲೇ ಇರ್ತಾರೆ.

ಕೆಥೋಲಿಕರಲ್ಲಿ ಪಾದ್ರಿಗಳಿಗೆ ರೂಲ್ ಇದೆ, 1983ರ ಚರ್ಚ್ ಕಾನೂನಿನ ಪ್ರಕಾರ ಅಧಿಕಾರದ ಹುದ್ದೆಗೆ ಹೋಗಂಗಿಲ್ಲ, ಪಾರ್ಟಿ ಕೆಲಸದಲ್ಲಿ ಸಕ್ರಿಯ ಆಗಂಗಿಲ್ಲ, ಸಭೆಯ ಹಕ್ಕು ಅಥವಾ ಎಲ್ಲರ ಒಳಿತಿಗೆ ಬೇಕೇ ಬೇಕು ಅಂತ ಮೇಲಿನವರು ಹೇಳಿದ್ರೆ ಪಾರ್ಟಿ ವಿಷಯದಲ್ಲಿ ವಿನಾಯ್ತಿ. ಫಾದರ್ ಒಂದು ಪಾರ್ಟಿ ಹೆಸರು ಹೇಳಿದ್ರೆ ಬೆಂಚಲ್ಲಿ ಕೂತ ಅರ್ಧ ಜನ ಹೊರಗಿನವರಾಗ್ತಾರೆ. ವಿಶ್ವಾಸಿಗಳಿಗೆ ಅಂಥ ರೂಲ್ ಇಲ್ಲ, ಅವರಿಗೆ ಇರೋದು ಆರಾಧನೆ ನಡುವೆ ಪಕ್ಕದವರ ಜೊತೆ ಕೈ ಜೋಡಿಸಿ ಸಮಾಧಾನ ಹಂಚಿಕೊಳ್ಳೋ ಆ ಒಂದು ನಿಮಿಷ. ಸಿಎಸ್‌ಐನವರು 1950ರ ಆರಾಧನಾ ಕ್ರಮದಲ್ಲಿ ಇದನ್ನ ಕೇರಳದ ಹಳೇ ಸಿರಿಯನ್ ಪದ್ಧತಿಯಿಂದ ತಂದ್ರು. ಜಗಳ ಇದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನೋ ಮತ್ತಾಯನ ಮಾತನ್ನ ಮೈಯಿಂದ ಮಾಡಿಸೋ ಕ್ರಮ ಅದು.

ಅದಕ್ಕೆ ನಿಜವಾದ ಕಷ್ಟ ಬರೋದು ಲೋಕಸಭೆ ಎಲೆಕ್ಷನಲ್ಲಿ ಅಲ್ಲ, ಗ್ರಾಮ ಪಂಚಾಯ್ತಿಯಲ್ಲಿ. ಅಲ್ಲಿ ಪಾರ್ಟಿ ಚಿಹ್ನೆ ಇಲ್ಲ, ಆದ್ರೆ ಯಾರು ಯಾವ ಕಡೆ ಅಂತ ಊರಿಗೆಲ್ಲ ಗೊತ್ತು, ನಿಲ್ಲೋರು ಇಬ್ರೂ ಒಂದೇ ಚರ್ಚಿನವರಾಗಿದ್ರೆ, ಒಬ್ಬರ ಮಗುವಿಗೆ ಇನ್ನೊಬ್ಬರು ಗಾಡ್‌ಫಾದರ್ ಬೇರೆ ಆಗಿದ್ರೆ, ಇಪ್ಪತ್ತು ವೋಟಲ್ಲಿ ಸೋತವನು ಮುಂದಿನ ಭಾನುವಾರ ಗೆದ್ದವನ ಪಕ್ಕದಲ್ಲೇ ಕೂರಬೇಕು.